ಮೊದಲು ಗಾಳಿ ಇಳಿಯಲಿ

ಅದರ ಹಿಂದಿನ ದಿನ ನಾವು ಪಂಪ್‌ವೆಲ್ ಹತ್ತಿರ ಒಂದು ಮನೆಯ ಬಾವಿಯಲ್ಲಿ ಕೆಲಸ ಮಾಡುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಕೆಳಗಿನಿಂದ ಭಾವನ ಸ್ವರ ಬಂತು.

"ಬಾಲ್ದಿ ಎಳೀಬೇಡಿ. ಸ್ವಲ್ಪ ನಿಲ್ಲಿ."

ಬಗ್ಗಿ ನೋಡಿದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅವರು ಎಡ ಅಂಗೈಯನ್ನು ಕೆಂಪು ಮುರಕಲ್ಲಿನ ಗೋಡೆಗೆ ಒತ್ತಿ ಹಿಡಿದಿದ್ದರು. ಹಾಗೆ ಹಿಡಿದಾಗ ಮೇಲಿದ್ದವರು ಮಾತಾಡಬಾರದು ಎಂಬುದು ಅವರ ಕಟ್ಟಳೆ. ಕೈಯನ್ನು ಒಂದು ಗೇಣು ಬಲಕ್ಕೆ ಸರಿಸಿದರು, ಮತ್ತೆ ಅರ್ಧ ಗೇಣು ಕೆಳಕ್ಕೆ. "ಇಲ್ಲಿ" ಎಂದರು. ಹಾರೆಯಿಂದ ಏಳೆಂಟು ಪೆಟ್ಟು ಬೀಳುವಷ್ಟರಲ್ಲಿ ಕಲ್ಲಿನ ಸಂದಿನಿಂದ ನೀರು ಬೆರಳು ಗಾತ್ರಕ್ಕೆ ಹರಿಯತೊಡಗಿತು. ಹಿಂದೆ ಒರತೆ ಇದ್ದಲ್ಲಿ ಕಲ್ಲು ಬೇರೆ ಥರ ತಣ್ಣಗಿರುತ್ತದೆ ಎಂದು ಅವರು ಹೇಳುತ್ತಿದ್ದರು. ನಾನೂ ಎಷ್ಟೋ ಸಲ ಕೈ ಇಟ್ಟು ನೋಡಿದ್ದೇನೆ. ನನಗೆ ಎಲ್ಲ ಕಲ್ಲೂ ಒಂದೇ ಥರ ತಣ್ಣಗೆ.

ಬಾವಿ ಕೆಲಸಕ್ಕೆ ನಾವು ಮೂವರು. ಕೆಳಗೆ ಇಳಿಯುವವರು ಭಾವ, ನನ್ನ ಅಕ್ಕನ ಗಂಡ. ಮೇಲೆ ಪಂಪು, ಮೋಟಾರು, ರಾಟೆ ನೋಡಿಕೊಳ್ಳುವುದು ನಾನು. ಹಗ್ಗ ಹಿಡಿಯಲು ಅರವತ್ತು ದಾಟಿದ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಹಗ್ಗದಣ್ಣ ಎಂದೇ ಕರೆಯುವುದು. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ನಾನು ಅವರನ್ನು ಕರೆಯುತ್ತಿದ್ದದ್ದೂ ಅದೇ, ಅವರು ನನ್ನನ್ನು ಕರೆಯುತ್ತಿದ್ದದ್ದೂ ಅದೇ.

ಸಂಜೆ ಸಾಮಾನನ್ನೆಲ್ಲ ಟೆಂಪೋಗೆ ಹಾಕಿ ಹೊರಟಾಗ ಭಾವ ಒಂದು ಗುಜರಿ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದರು. ಅಂಗಡಿಯ ಮೂಲೆಯಲ್ಲಿ ಹೋಟೆಲಿನ ಅಡುಗೆಮನೆಯಿಂದ ಕಳಚಿ ತಂದ ಹೊಗೆ ಎಳೆಯುವ ಫ್ಯಾನು ಬಿದ್ದಿತ್ತು. ಬಸವನ ಹುಳದ ಚಿಪ್ಪಿನ ಆಕಾರದ ತಗಡಿನ ಡಬ್ಬಿ, ಒಳಗೆ ರೆಕ್ಕೆಚಕ್ರ, ಪಕ್ಕದಲ್ಲಿ ಮೋಟಾರು. ಎಣ್ಣೆಯ ಜಿಡ್ಡು ಹಿಡಿದು ಕಪ್ಪಾಗಿತ್ತು.

"ನೋಡು ಭಾವ," ಎಂದರು. "ಇದರ ಬಾಯಿಗೆ ಒಂದು ಪೈಪು ಸಿಕ್ಕಿಸಿದ್ರೆ ಕೆಳಗೆ ಫಸ್ಟ್ ಕ್ಲಾಸ್ ಗಾಳಿ. ಮುಚ್ಚಿಟ್ಟ ಬಾವಿಗೆ ಇಳಿವಾಗ ತಲೆಬಿಸಿ ಇಲ್ಲ."

"ಇನ್ನು ಬಾವಿಗೆ ಎಸಿ ಹಾಕಿ," ಎಂದರು ಹಗ್ಗದಣ್ಣ ಟೆಂಪೋದ ಒಳಗಿನಿಂದಲೇ. "ನಲವತ್ತು ವರ್ಷ ದೀಪದಲ್ಲೇ ಆಯ್ತು ನಮಗೆ."

ಗುಜರಿಯವರು ನಕ್ಕರು. "ತೆಗೊಂಡು ಹೋಗಿ ಮಾರ್ರೆ. ಇಲ್ಲೇ ಇದ್ರೆ ಇದರಲ್ಲಿ ಇಲಿ ಸಂಸಾರ ಮಾಡ್ತದೆ."

"ಈಗ ಎಂತಕ್ಕೆ?" ಎಂದವನು ನಾನು. "ಸೀಸನ್ ಅರ್ಧದಲ್ಲಿ ಇದನ್ನು ರಿಪೇರಿ ಮಾಡ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು? ಪತ್ತನಾಜೆ ಕಳೀಲಿ ಭಾವ. ಮಳೆಗಾಲದಲ್ಲಿ ಕೂತು ನಿಧಾನಕ್ಕೆ ಮಾಡುವ."

ಪತ್ತನಾಜೆ ಎಂದರೆ ನಮ್ಮಲ್ಲಿ ಬೇಸಗೆ ಮುಗಿದು ಮಳೆಗೆ ದಾರಿ ಬಿಡುವ ದಿನ. ಬಾವಿಯ ನೀರು ತಳ ಕಾಣುವುದು ಅದಕ್ಕೆ ಮೊದಲಿನ ಮೂರು ವಾರಗಳಲ್ಲಿ. ಊರಿಗೆ ಊರೇ ಆ ಮೂರು ವಾರಕ್ಕೆ ಕಾದು ಕೂತಿರುತ್ತದೆ. ಹೂಳು ತೆಗೆಯುವುದು, ತಳ ಇಳಿಸುವುದು, ಜರಿದ ಕಲ್ಲು ಕಟ್ಟುವುದು ಎಲ್ಲವೂ ಆಗಲೇ.

"ಸರಿ, ಪತ್ತನಾಜೆ ಕಳೀಲಿ," ಎಂದರು ಭಾವ. ಅವರು ವಾದ ಮಾಡುವವರಲ್ಲ. ಬೇಡ ಎಂದವನು ನಾನು. ಇದನ್ನು ಮರುದಿನದ್ದು ಏನನ್ನೂ ಬರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಮರುದಿನದ ಬಾವಿ ಕಾಂಕ್ರೀಟ್ ಚಪ್ಪಡಿ ಹಾಕಿ ವರ್ಷಗಟ್ಟಲೆ ಮುಚ್ಚಿಟ್ಟದ್ದು. ಅಂಥ ಬಾವಿಗೆ ನಮ್ಮದೊಂದು ಕ್ರಮ ಇದೆ. ಹಿಂದಿನ ಸಂಜೆಯೇ ಮುಚ್ಚಳ ತೆಗೆಸುತ್ತೇವೆ. ಬೆಳಿಗ್ಗೆ ಹತ್ತಿಪ್ಪತ್ತು ಬಾಲ್ದಿ ನೀರು ಎಳೆದು ಮೇಲಿನಿಂದ ಮತ್ತೆ ಸುರಿಯುತ್ತೇವೆ, ಒಳಗಿನ ಗಾಳಿ ಕಲಕಲಿ ಎಂದು. ಆಮೇಲೆ ಡಬ್ಬಿಯಲ್ಲಿ ದೀಪ ಇಟ್ಟು ನೀರಿನ ಮಟ್ಟದವರೆಗೆ ಇಳಿಸಿ ಐದು ನಿಮಿಷ ನೋಡುತ್ತೇವೆ. ಕುಡಿ ಸಣ್ಣಗಾದರೆ ಕೆಳಗೆ ಕೆಟ್ಟ ಗಾಳಿ ನಿಂತಿದೆ ಎಂದು ಅರ್ಥ, ಯಾರೂ ಇಳಿಯುವುದಿಲ್ಲ. ಈ ಮನೆಯವರು ಮಾತ್ರ ಪೂಜೆಯಾದ ಮೇಲೆಯೇ ಮುಚ್ಚಳ ತೆಗೆಯಬೇಕು ಎಂದಿದ್ದರು. ಎಂಟು ಹತ್ತರಿಂದ ಎಂಟು ನಲವತ್ತರ ಒಳಗೆ ಬಾವಿಯಲ್ಲಿ ಮೊದಲ ಕಾಲು ಬೀಳಬೇಕು, ಮುಹೂರ್ತ ಅಷ್ಟೇ. ನಾವು ಏಳಕ್ಕೇ ಹೋಗಿ ಮನೆಯವರನ್ನು ಒಪ್ಪಿಸಿ ಮುಚ್ಚಳ ತೆಗೆಸುವುದು ಎಂದುಕೊಂಡಿದ್ದೆವು.

ನಂತೂರಿನಲ್ಲಿ ಒಂದು ಕಂಟೇನರ್ ಲಾರಿ ಕೆಟ್ಟು ಅಡ್ಡ ನಿಂತಿತ್ತು. ನಾಲ್ಕೂ ಕಡೆಯ ವಾಹನಗಳು ಒಂದಕ್ಕೊಂದು ಮೂತಿ ಒತ್ತಿ ಹಾರ್ನ್ ಹಾಕುತ್ತಿದ್ದವು. ನಾವು ಮನೆ ಮುಟ್ಟುವಾಗ ಎಂಟೂವರೆ ದಾಟಿತ್ತು. ಅರಸಿನ, ಕುಂಕುಮ, ತೆಂಗಿನಕಾಯಿ ಇಟ್ಟುಕೊಂಡು ಮನೆಯವರು ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಕಾಯಿ ಒಡೆಯಿತು. ಮುಚ್ಚಳ ಸರಿಯಿತು.

"ಇನ್ನು ಐದು ನಿಮಿಷ ಉಂಟು," ಎಂದರು ಮನೆಯ ಯಜಮಾನರು.

ಭಾವ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಭಾವ, ದೀಪ?" ಎಂದೆ.

"ಕಾಲು ಅದ್ದಿ ಬರ್ತೇನೆ, ಅಷ್ಟೇ. ದೀಪ ಆಮೇಲೆ."

ಗೋಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳಲ್ಲಿ ಅವರು ಇಳಿದರು. ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲ. ಕೆಳಗೆ ನೀರಿನಲ್ಲಿ ಕಾಲು ಅದ್ದಿದ ಶಬ್ದ ಕೇಳಿತು. ಮನೆಯವರು ಕೈ ಮುಗಿದರು. ಭಾವ ಮೇಲೆ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಗೋಡೆ ಹಿಡಿದಿದ್ದ ಕೈ ಬಿಟ್ಟರು.

ನಾನು ಇಳಿಯಲು ಹೊರಟಾಗ ಹಗ್ಗದಣ್ಣ ನನ್ನ ಸೊಂಟ ಹಿಡಿದು ಕಟ್ಟೆಯಿಂದ ಆಚೆಗೆ ಎಸೆದರು. ಎಸೆದೇ ಬಿಟ್ಟರು. ಬೆನ್ನಿಗೆ ಕಲ್ಲು ತಾಗಿ ಎದ್ದವನನ್ನು ಮತ್ತೆ ಹಿಡಿದರು. ಅಗ್ನಿಶಾಮಕದವರು ಬಂದು ಮುಖಕ್ಕೆ ಮಾಸ್ಕ್ ಕಟ್ಟಿ, ಬೆನ್ನಿಗೆ ಸಿಲಿಂಡರ್ ಹಾಕಿ ಇಳಿದು ಭಾವನನ್ನು ತಂದರು. ಅಲ್ಲಿ ನೀರು ಸೊಂಟದಷ್ಟೂ ಇರಲಿಲ್ಲ. ದೀಪದ ಡಬ್ಬಿ ನನ್ನ ಚೀಲದಲ್ಲೇ ಇತ್ತು.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. ಆಯುಸ್ಸು ಅಷ್ಟೇ ಇದ್ದದ್ದು, ಯಾರ ಕೈಯಲ್ಲಿ ಏನುಂಟು. ನಾನು ತಲೆ ಅಲ್ಲಾಡಿಸುತ್ತಾ ಕುಳಿತಿದ್ದೆ. ಒಳಗೊಳಗೆ ಒಪ್ಪುತ್ತಿರಲಿಲ್ಲ. ಮುಚ್ಚಳ ಮೊದಲೇ ತೆಗೆದಿದ್ದರೆ, ದೀಪ ಇಳಿಸಿದ್ದರೆ, ಆ ಫ್ಯಾನನ್ನು ಹಿಂದಿನ ದಿನ ಟೆಂಪೋಗೆ ಹಾಕಿಕೊಂಡು ಬಂದು ಹೇಗೋ ಓಡಿಸಿದ್ದರೆ. ಈ ಮೂರರಲ್ಲಿ ಒಂದಾದರೂ ಆಗಿದ್ದರೆ ಅವರು ಇರುತ್ತಿದ್ದರು. ಇದರಲ್ಲಿ ಆಯುಸ್ಸಿನ ಕೆಲಸ ಏನೂ ಇಲ್ಲ.

ಮೂರನೆಯ ದಿನದಿಂದ ಫೋನು ಬರತೊಡಗಿತು. ಒಪ್ಪಿಕೊಂಡ ನಾಲ್ಕು ಬಾವಿಗಳು ಬಾಕಿ ಇದ್ದವು. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಅವರ ಕಷ್ಟ ಅವರಿಗೆ. ಹಗ್ಗದಣ್ಣ ಅಂಗಳದಲ್ಲಿ ಕುಳಿತು ಹೇಳಿದರು:

"ಬೊಜ್ಜ ಮುಗೀಲಿ. ಇನ್ನು ಇಳಿಯುವುದು ನೀನೇ ಅಲ್ಲವಾ. ಈ ನಾಲ್ಕನ್ನು ಮೊದಲಿನ ಹಾಗೇ ದೀಪ ಇಟ್ಟು ಮುಗಿಸುವ. ಫ್ಯಾನು ಗೀನು ಬರುವ ವರ್ಷ ನೋಡುವ."

ಬೊಜ್ಜ ಎಂದರೆ ಹದಿಮೂರನೆಯ ದಿನದ ಉತ್ತರಕ್ರಿಯೆ. ನಮ್ಮ ಹಿರಿಯ ಸಂಬಂಧಿಕರು ಇನ್ನೂ ಮುಂದೆ ಹೋದರು. ವರ್ಷ ತುಂಬುವವರೆಗೆ ಮನೆಯಲ್ಲಿ ಹೊಸದು ಯಾವುದನ್ನೂ ಶುರು ಮಾಡಬಾರದು, ಸಾವಿನ ಮನೆಗೆ ಹೊಸ ಸಾಮಾನು ತರಲೂಬಾರದು ಎಂದರು. ನನಗೆ ಎದುರು ಮಾತಾಡಿ ಅಭ್ಯಾಸ ಇಲ್ಲ. ಹತ್ತನೆಯ ಕ್ಲಾಸು ಮುಗಿಸಿ ಪಂಪು ರಿಪೇರಿಗೆ ಸೇರಿದವನು ನಾನು. ಮಾತಿಗಿಂತ ಸ್ಪ್ಯಾನರ್ ಹಿಡಿದದ್ದೇ ಜಾಸ್ತಿ.

ಐದನೆಯ ದಿನ ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಟೆಂಪೋ ತೆಗೆದುಕೊಂಡು ಪಂಪ್‌ವೆಲ್‌ಗೆ ಹೋದೆ.

"ನಿಮ್ಮ ಭಾವ ಎಲ್ಲಿ ಮಾರ್ರೆ?" ಎಂದರು ಗುಜರಿಯವರು. ಅವರಿಗೆ ಸುದ್ದಿ ತಿಳಿದಿರಲಿಲ್ಲ. ಹೇಳಿದೆ. ಅವರು ಕೈಯಲ್ಲಿದ್ದ ತಕ್ಕಡಿಯ ಕಲ್ಲನ್ನು ಕೆಳಗಿಟ್ಟರು. ಆಮೇಲೆ ಒಬ್ಬರೇ ಆ ಫ್ಯಾನನ್ನು ಎತ್ತಿ ಟೆಂಪೋಗೆ ಹಾಕಿದರು. ಲಾರಿಯ ಹಳೆಯ ಟರ್ಪಾಲು ಒಂದನ್ನು ಅದರ ಮೇಲೆ ಮಡಚಿ ಇಟ್ಟರು. "ಪೈಪಿಗೆ ಇದು ಆಗ್ತದೆ. ಪ್ಲಾಸ್ಟಿಕ್ ಪೈಪು ಬೇಡ, ಕಟ್ಟೆಯಲ್ಲಿ ಮಡಚುವಾಗ ಒಡೀತದೆ."

ಟರ್ಪಾಲನ್ನು ಕೊಳವೆಯ ಹಾಗೆ ಹೊಲಿಯಬೇಕಿತ್ತು. ಹೊರಗೆ ಕೊಟ್ಟರೆ ಒಂದು ವಾರ ಎನ್ನುತ್ತಿದ್ದರು. ಅಂಗಳದಲ್ಲಿ ಅದನ್ನು ಬಿಡಿಸಿ ಅಳೆಯುತ್ತಿದ್ದಾಗ ಅಕ್ಕ ಬಾಗಿಲಿಗೆ ಬಂದಳು. ಐದು ದಿನಗಳಿಂದ ಅವಳು ಒಳಗಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

"ಎಂತ ಅದು?"

ಹೇಳಿದೆ. ಭಾವ ಕೇಳಿದ್ದು, ನಾನು ಬೇಡ ಎಂದದ್ದು, ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಬಂದು ಟರ್ಪಾಲಿನ ಅಂಚನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದಳು.

"ಇದಕ್ಕೆ ನನ್ನ ಮಿಷನಿನ ಸೂಜಿ ನಿಲ್ಲುವುದಿಲ್ಲ. ದಪ್ಪ ಸೂಜಿ ತಾ. ನೂಲು ಚಪ್ಪಲಿ ಹೊಲಿಯುವವರ ಹತ್ತಿರ ಸಿಗ್ತದೆ."

ಹೊಲಿಗೆ ಮಿಷನ್ನು ಅಕ್ಕನ ಬದುಕು. ಪಕ್ಕದ ಮನೆಗಳ ರವಿಕೆ, ಶಾಲೆಯ ಯೂನಿಫಾರ್ಮು ಎಲ್ಲ ಅವಳದ್ದೇ. ಆರನೆಯ ದಿನ ಮಿಷನ್ನು ಜಗಲಿಗೆ ಬಂತು. ಟರ್ಪಾಲಿನ ನಾಲ್ಕು ಪದರು ಸೇರುವಲ್ಲಿ ಪೆಡಲು ತುಳಿದರೆ ಸೂಜಿ ಮುರಿಯುತ್ತಿತ್ತು. ಮೂರು ಸೂಜಿ ಮುರಿದ ಮೇಲೆ ಅಕ್ಕ ಪೆಡಲು ಬಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಒಂದೊಂದೇ ಹೊಲಿಗೆ ಹಾಕತೊಡಗಿದಳು. ಪಕ್ಕದ ಮನೆಯಾಕೆ ಆವರಣದ ಗೋಡೆಯ ಆಚೆಯಿಂದ ಕೇಳಿದರು:

"ಸೂತಕದ ಮನೆಯಲ್ಲಿ ಮಿಷನ್ ಶಬ್ದ ಎಂತ ಮಾರಾಯ್ತಿ? ಜನ ಎಂತ ಹೇಳ್ಲಿಕ್ಕಿಲ್ಲ?"

"ಹೇಳ್ಲಿ. ಇಲ್ಲಿ ಬಂದು ಹೇಳಿದ್ರೆ ಇನ್ನೂ ಒಳ್ಳೆದು. ಆಚೆ ಬದಿ ಎಳೆದು ಹಿಡೀಲಿಕ್ಕೆ ಒಂದು ಜನ ಬೇಕು."

ಆಕೆ ಗೇಟು ದೂಡಿ ಬಂದು ಟರ್ಪಾಲಿನ ಆಚೆ ಬದಿ ಹಿಡಿದರು.

ನಾನು ಫ್ಯಾನು ಬಿಚ್ಚಿದೆ. ಬೇರಿಂಗ್ ಹಿಡಿದುಕೊಂಡಿತ್ತು, ಹೊಸದು ಹಾಕಿದೆ. ಕಂಡೆನ್ಸರ್ ಹೋಗಿತ್ತು, ಅದನ್ನೂ ಬದಲಾಯಿಸಿದೆ. ರೆಕ್ಕೆಗಳಲ್ಲಿ ಕರಿದ ಎಣ್ಣೆ ಡಾಂಬರಿನ ಹಾಗೆ ಕುಳಿತಿತ್ತು. ಚಾಕುವಿನಿಂದ ಕೆರೆದು, ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದೆ. ಹೋಟೆಲಿನಲ್ಲಿ ಅದು ಗಾಳಿಯನ್ನು ಎಳೆದು ಹೊರಗೆ ಬಿಡುತ್ತಿತ್ತು. ನಮಗೆ ಬೇಕಾದದ್ದು ಒಳಗೆ ದೂಡುವುದು. ಹಾಗಾಗಿ ಕೊಳವೆಯನ್ನು ಗಾಳಿ ಹೊರಬರುವ ಬಾಯಿಗೆ ಕಟ್ಟಬೇಕು. ಗಾಳಿ ಎಳೆಯುವ ಬಾಯಿ ಜನರೇಟರಿನ ಹೊಗೆಯಾಗಲಿ, ಟೆಂಪೋದ ಹೊಗೆಯಾಗಲಿ ತಾಗದ ಕಡೆಗೆ ಇರಬೇಕು. ಇಲ್ಲದಿದ್ದರೆ ನಾವೇ ಕೈಯಾರೆ ವಿಷ ಕಳಿಸಿದ ಹಾಗೆ.

ಎಂಟನೆಯ ದಿನ ನಮ್ಮ ಮನೆಯ ಬಾವಿಯಲ್ಲೇ ಪರೀಕ್ಷೆ ಮಾಡಿದೆವು. ಫ್ಯಾನು ಓಡಿತು, ಕೊಳವೆ ಊದಿತು, ಕಟ್ಟೆಯ ಅಂಚಿನಲ್ಲಿ ಮಡಚಿ ಅಲ್ಲೇ ನಿಂತಿತು. ಆಚೆಗೆ ಗಾಳಿಯೇ ಹೋಗಲಿಲ್ಲ. ಕೈಯಿಂದ ಎತ್ತಿ ಹಿಡಿದರೆ ಸರಿ, ಬಿಟ್ಟರೆ ಮತ್ತೆ ಮಡಿಕೆ. ಎರಡು ದಿನ ಇದರಲ್ಲೇ ಹೋಯಿತು. ಬಿದಿರಿನ ಬಳೆ ಮಾಡಿ ಒಳಗಿಟ್ಟೆ, ಮುರಿಯಿತು. ಕಡೆಗೆ ಮತ್ತೆ ಗುಜರಿ ಅಂಗಡಿಗೆ ಹೋಗಿ ಸಣ್ಣ ಮಕ್ಕಳ ಸೈಕಲ್ಲಿನ ರಿಮ್ಮುಗಳನ್ನು ತಂದೆ. ಎರಡೆರಡು ಅಡಿಗೆ ಒಂದರಂತೆ ಅಕ್ಕ ಅವನ್ನು ಒಳಗೆ ಸೇರಿಸಿ ಹೊಲಿದಳು. ಆಗ ಕೊಳವೆ ಮಡಚದೆ ಬಾಗಿತು.

ಆಮೇಲೆ ದೀಪ ಇಳಿಸಿದೆ. ತಳದಲ್ಲಿ ಕುಡಿ ನೆಟ್ಟಗೆ ಉರಿಯುತ್ತಿತ್ತು. ಫ್ಯಾನು ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಕುಡಿ ಒಂದು ಬದಿಗೆ ಬಾಗಿತು. ಗಾಳಿ ಕೆಳಗೆ ಮುಟ್ಟಿತ್ತು. ಅಕ್ಕ ಕಟ್ಟೆ ಹಿಡಿದು ಬಗ್ಗಿ ನೋಡುತ್ತಿದ್ದವಳು ನೆಟ್ಟಗಾಗಿ ಒಳಗೆ ಹೋದಳು. ಆ ದಿನ ಅವಳು ಮತ್ತೆ ಹೊರಗೆ ಬರಲಿಲ್ಲ.

ಬಾಕಿ ಇದ್ದ ನಾಲ್ಕರಲ್ಲಿ ಮೊದಲನೆಯದು ಬಿಜೈಯ ಒಂದು ಮನೆ. ಅರ್ಚಕರ ಮನೆತನ. ಅಣ್ಣ ದೇವಸ್ಥಾನದಲ್ಲಿ ಪೂಜೆಗೆ ಇರುವವರು, ಬಾವಿಯ ಮನೆಯಲ್ಲಿ ಇರುವ ತಮ್ಮ ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. ಅವರದ್ದೂ ಮುಚ್ಚಿದ ಬಾವಿ. ಬೊಜ್ಜದ ಮರುದಿನ ಫೋನು ಮಾಡಿದೆ.

"ಮಾಷ್ಟ್ರೆ, ನಾಳೆ ಶುಕ್ರವಾರ ಬರ್ತೇವೆ. ಆದ್ರೆ ಮುಚ್ಚಳ ಇವತ್ತು ಸಂಜೆಯೇ ತೆಗ್ದಿಡಬೇಕು."

"ಅದು ಪೂಜೆಗೆ ಮೊದಲು ತೆಗೀಬಾರದು ಅಂತ ಅಣ್ಣ ಹೇಳಿದ್ದಾರಲ್ಲ. ಮುಹೂರ್ತ ಎಂಟೂಕಾಲಿಗೆ ಉಂಟು."

"ಹಾಗಾದ್ರೆ ಬೇರೆಯವರನ್ನು ಕರೀಬೇಕಾಗ್ತದೆ ಮಾಷ್ಟ್ರೆ."

ಒಂದು ಮನೆಯವರಿಗೆ ನಾನು ಹೀಗೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಅವರು ಯೋಚನೆ ಮಾಡುತ್ತೇನೆ ಎಂದು ಇಟ್ಟುಬಿಟ್ಟರು. ಸಂಜೆ ನೋಡಿಕೊಂಡು ಬರಲು ಹೋದಾಗ ಮುಚ್ಚಳ ಸರಿಸಿ, ಬಾಯಿಗೆ ಬಲೆ ಹಾಸಿ ಇಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ ಟೆಂಪೋ ಹೊರಡುವಾಗ ಅಕ್ಕ ಬಂದು ಮುಂದಿನ ಸೀಟಿನಲ್ಲಿ ಕುಳಿತಳು. ಮಡಿಲಲ್ಲಿ ದಪ್ಪ ಸೂಜಿ, ನೂಲು, ಟರ್ಪಾಲಿನ ತುಂಡುಗಳ ಚೀಲ.

"ನೀನು ಎಲ್ಲಿಗೆ?" ಎಂದರು ಹಗ್ಗದಣ್ಣ. "ಅವರು ಪೂಜೆ ಇಟ್ಟುಕೊಂಡಿದ್ದಾರೆ ಮಾರಾಯ್ತಿ. ನೀನು ಅಲ್ಲಿ ನಿಂತ್ರೆ..."

"ಹೊಲಿಗೆ ಬಿಟ್ರೆ ನೀವು ಹಾಕ್ತೀರಾ?" ಎಂದಳು ಅಕ್ಕ.

ಹಗ್ಗದಣ್ಣ ಹಿಂದೆ ಹತ್ತಿದರು.

ಏಳು ಗಂಟೆಗೆ ತಲುಪಿದೆವು. ಫ್ಯಾನು ಇಳಿಸಿ, ಕೊಳವೆ ಕಟ್ಟಿ, ಬಾವಿಗೆ ಬಿಟ್ಟು, ಸ್ವಿಚ್ಚು ಹಾಕಿದರೆ ಕರೆಂಟು ಇಲ್ಲ. ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆ ಕಡಿಯುತ್ತಿದ್ದಾರೆ ಎಂದು ಗೊತ್ತಾಯಿತು. ಮನೆಯ ಇನ್ವರ್ಟರಿಗೆ ಈ ಮೋಟಾರು ಎಳೆಯುವ ಶಕ್ತಿ ಇರಲಿಲ್ಲ. ಗೊತ್ತಿದ್ದವರಿಗೆಲ್ಲ ಜನರೇಟರಿಗೆ ಫೋನು ಮಾಡಿದೆ. ಮೇ ತಿಂಗಳು, ಎಲ್ಲ ಮದುವೆ ಹಾಲುಗಳಲ್ಲಿದ್ದವು. ದೀಪ ಇಳಿಸಿ ನೋಡಿದೆ. ರಾತ್ರಿಯಿಡೀ ತೆರೆದಿಟ್ಟಿದ್ದರೂ ನೀರಿನ ಹತ್ತಿರ ಹೋಗುವಾಗ ಕುಡಿ ಅರ್ಧಕ್ಕೆ ಇಳಿಯಿತು, ಆರಲಿಲ್ಲ.

ಎಂಟಾಯಿತು. ಮಾಷ್ಟ್ರು ಮಡಿ ಉಟ್ಟು ಹರಿವಾಣ ಹಿಡಿದುಕೊಂಡು ಬಂದರು. ಅಕ್ಕ ಗೋಡೆಯ ಬದಿಗೆ ಸರಿದು ನಿಂತಳು. ಅವಳ ಬೋಳು ಕೊರಳು, ಬೋಳು ಹಣೆ ಎಲ್ಲರಿಗೂ ಕಾಣುತ್ತಿತ್ತು. ಮಾಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತರು, ಹೊರಗೆ ಬರಲಿಲ್ಲ. ಪೂಜೆಯಾಯಿತು. ಕಾಯಿ ಒಡೆಯಿತು. ಗಡಿಯಾರ ಎಂಟೂಕಾಲು ತೋರಿಸಿತು.

"ಇಳೀಬಹುದಲ್ಲ?" ಎಂದರು ಮಾಷ್ಟ್ರು.

"ಕರೆಂಟು ಬರ್ಲಿ ಮಾಷ್ಟ್ರೆ."

"ಮುಹೂರ್ತ ಇರುವುದು ಇಪ್ಪತ್ತು ನಿಮಿಷ. ಕೆಲಸ ಆಮೇಲೆ ಮಾಡಿ. ಈಗ ಸುಮ್ನೆ ಒಂದು ಕಾಲು ಅದ್ದಿ ಬಂದ್ರೆ ಆಯ್ತು."

ಅದೇ ಮಾತು. ಹಗ್ಗದಣ್ಣ ಅಂಗಿಯ ಗುಂಡಿ ಬಿಚ್ಚತೊಡಗಿದರು. "ದೀಪ ಆರಲಿಲ್ಲ ಅಲ್ಲವಾ. ನಾನು ಹೋಗಿ ಅದ್ದಿ ಬರ್ತೇನೆ. ಒಂದು ನಿಮಿಷದ ಕೆಲಸ. ಮನೆಯವರಿಗೆ ಸಮಾಧಾನ ಆಗ್ಲಿ."

ಆಗ ನಾನು ರಾಟೆಯಿಂದ ಹಗ್ಗ ಬಿಚ್ಚಿದೆ. ಸುತ್ತಿ, ಟೆಂಪೋದ ಒಳಗೆ ಹಾಕಿ ಬಾಗಿಲು ಹಾಕಿದೆ. ಕೀಲಿಕೈ ಜೇಬಿಗೆ ಹಾಕಿದೆ.

"ಎಂತ ಮಾಡ್ತಿ ನೀನು?" ಎಂದರು ಹಗ್ಗದಣ್ಣ. ಅವರಿಗೆ ಸಿಟ್ಟು ಬಂದಿತ್ತು. "ನೀನು ಹುಟ್ಟುವ ಮೊದಲೇ ಬಾವಿಗೆ ಇಳಿದವ ನಾನು."

"ಗೊತ್ತುಂಟು. ಅವತ್ತು ನನ್ನನ್ನು ಎತ್ತಿ ಬಿಸಾಡಿದವರೂ ನೀವೇ. ಇವತ್ತು ನಾನು ಬಿಸಾಡಬೇಕಾದ್ರೆ ಬಿಸಾಡ್ತೇನೆ."

ಮಾಷ್ಟ್ರು ಹರಿವಾಣ ಕಟ್ಟೆಯ ಮೇಲೆ ಇಟ್ಟರು. "ನೋಡಿ, ನಾನು ಒತ್ತಾಯ ಮಾಡುವುದಲ್ಲ. ಆದ್ರೆ ಒಳ್ಳೆ ಗಳಿಗೆ ಅಂತ ಒಂದು ಉಂಟಲ್ಲ. ಅದು ಹೋದ್ರೆ ಹೋಯ್ತು."

"ಹೋಗ್ಲಿ ಮಾಷ್ಟ್ರೆ," ಎಂದಳು ಅಕ್ಕ. ಗೋಡೆಯ ಬದಿಯಿಂದ ಅವಳು ಮುಂದೆ ಬಂದಿರಲಿಲ್ಲ, ಸ್ವರವನ್ನೂ ಎತ್ತಿರಲಿಲ್ಲ. "ನಮ್ಮವರು ಒಳ್ಳೆ ಗಳಿಗೆಯಲ್ಲೇ ಇಳಿದದ್ದು. ಐದು ನಿಮಿಷ ಬಾಕಿ ಇತ್ತು."

ಬಸ್‌ಸ್ಟ್ಯಾಂಡಿನ ಕಡೆಯಿಂದ ಬಸ್ಸುಗಳ ಶಬ್ದ ಬರುತ್ತಿತ್ತು. ಎಂಟು ಮೂವತ್ತೈದಾಯಿತು. ಎಂಟು ನಲವತ್ತಾಯಿತು. ಮಾಷ್ಟ್ರು ಹರಿವಾಣ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವರ ಹೆಂಡತಿ ನಾಲ್ಕು ಲೋಟ ಚಾ ತಂದರು. ಮೊದಲನೆಯದನ್ನು ಅಕ್ಕನ ಕೈಗೇ ಕೊಟ್ಟರು.

ಕರೆಂಟು ಬಂದದ್ದು ಹತ್ತೂಕಾಲಿಗೆ. ಫ್ಯಾನು ಹಾಕಿದೆ, ನೀರು ಖಾಲಿ ಮಾಡುವ ಪಂಪನ್ನೂ ಹಾಕಿದೆ. ಒಂದು ಹೊಲಿಗೆ ಬಾಯಿ ಬಿಟ್ಟು ಸೀಟಿ ಹೊಡೆಯಿತು. ಅಕ್ಕ ಅಲ್ಲೇ ಕುಳಿತು, ಊದಿಕೊಂಡ ಕೊಳವೆಯ ಮೇಲೆಯೇ ತೇಪೆ ಹಾಕಿದಳು. ಒಂದು ಗಂಟೆ ಓಡಲೇಬೇಕು ಎಂದು ನಾನು ನಿಯಮ ಮಾಡಿಕೊಂಡಿದ್ದೆ. ಹನ್ನೊಂದೂಕಾಲಿಗೆ ದೀಪ ಇಳಿಸಿದೆ. ತಳ ಮುಟ್ಟಿದ ಮೇಲೂ ಕುಡಿ ಪೂರ್ತಿ ಇತ್ತು, ಗಾಳಿಗೆ ಬಾಗಿ ಉರಿಯುತ್ತಿತ್ತು.

ಮಾಷ್ಟ್ರು ಫೋನು ಹಿಡಿದುಕೊಂಡು ಬಂದರು. "ಅಣ್ಣನ ಹತ್ತಿರ ಕೇಳಿದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹನ್ನೆರಡು ಕಳೆದು ಇಳೀರಿ ಅಂತ ಹೇಳ್ತಾರೆ. ಇಷ್ಟು ಹೊತ್ತು ಕಾದದ್ದಾಯ್ತಲ್ಲ."

"ಎರಡು ಗಂಟೆಗೆ ಕರೆಂಟು ಮತ್ತೆ ತೆಗೀತಾರಂತೆ. ಗಾಳಿ ಈಗ ಉಂಟು ಮಾಷ್ಟ್ರೆ. ಈಗ ಇಳೀತೇನೆ."

ಅವರು ನನ್ನ ಮುಖ ನೋಡಿದರು, ಆಮೇಲೆ ಅಕ್ಕನ ಕಡೆ ನೋಡಿದರು. "ಸರಿ," ಎಂದು ಫೋನನ್ನು ಜೇಬಿಗೆ ಹಾಕಿಕೊಂಡರು. "ಅಣ್ಣನಿಗೆ ಹನ್ನೆರಡೂಕಾಲಿಗೆ ಇಳಿದ್ರು ಅಂತ ಹೇಳ್ತೇನೆ."

ಟೆಂಪೋದಿಂದ ಹಗ್ಗ ತಂದು ರಾಟೆಗೆ ಹಾಕಿದೆ. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರ ಹತ್ತಿರ ಕೇಳಿ ತಂದ ಬೆಲ್ಟನ್ನು ಎದೆಗೂ ತೊಡೆಗೂ ಕಟ್ಟಿ, ಅದಕ್ಕೆ ಇನ್ನೊಂದು ಹಗ್ಗ ಬಿಗಿದೆ. ಅದರ ತುದಿ ಹಗ್ಗದಣ್ಣನ ಕೈಯಲ್ಲಿ. ಅವರಿಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಗಂಟನ್ನು ಮೂರು ಸಲ ಎಳೆದು ನೋಡಿದರು. ಮಾತು ಹೀಗಿತ್ತು: ಅಕ್ಕ ಕರೆಯುತ್ತಾ ಇರಬೇಕು, ನಾನು ಓಗೊಡುತ್ತಾ ಇರಬೇಕು. ಓಗೊಡದಿದ್ದರೆ ಕೇಳುವುದು ಬೇಡ, ಎಳೆಯುವುದು. ಫ್ಯಾನು ನಿಂತರೂ ಎಳೆಯುವುದು.

ಇಳಿದೆ. ಒಬ್ಬನೇ ಬಾವಿಗೆ ಇಳಿದದ್ದು ಬಹಳ ವರ್ಷಗಳ ಮೇಲೆ. ಅರ್ಧಕ್ಕೆ ಬಂದಾಗ ಕೊಳವೆಯ ಗಾಳಿ ಮುಖಕ್ಕೆ ಹೊಡೆಯಿತು. ಎಷ್ಟು ತೊಳೆದಿದ್ದರೂ ಅದರಲ್ಲಿ ಸಣ್ಣಗೆ ಎಣ್ಣೆಯಲ್ಲಿ ಕರಿದ ಗೋಳಿಬಜೆಯ ವಾಸನೆ ಇತ್ತು.

"ತಮ್ಮಾ," ಎಂದಳು ಅಕ್ಕ ಮೇಲಿನಿಂದ.

"ಓ."

"ತಮ್ಮಾ."

"ಓ. ಹೋಟೆಲಿನ ವಾಸನೆ ಬರ್ತದೆ."

"ಹಸಿವಾದ್ರೆ ಮೇಲೆ ಬಾ," ಎಂದರು ಹಗ್ಗದಣ್ಣ.

ಕೆಸರು ತುಂಬಿ ಬಾಲ್ದಿ ಕಳಿಸತೊಡಗಿದೆ. ಇಪ್ಪತ್ತೋ ಇಪ್ಪತ್ತೈದೋ ಬಾಲ್ದಿ ಹೋದ ಮೇಲೆ ಗೋಡೆಯ ಬುಡ ಕಾಣಿಸಿತು. ಅಂಗೈ ಇಟ್ಟೆ. ಭಾವ ಇಡುತ್ತಿದ್ದ ಹಾಗೆಯೇ ಎಡಗೈ, ಬೆರಳು ಅಗಲಿಸಿ. ಕಣ್ಣು ಮುಚ್ಚಿದೆ. ಒಂದು ಗೇಣು ಸರಿಸಿದೆ. ಇನ್ನೊಂದು ಗೇಣು. ಕಲ್ಲು ಏನಾದರೂ ಹೇಳೀತು ಎಂದು ಕಾದೆ.

ಒಮ್ಮೆಲೇ ಎದೆಯ ಬೆಲ್ಟು ಬಿಗಿಯಿತು, ಕಾಲು ನೆಲ ಬಿಟ್ಟಿತು. ಗೋಡೆಗೆ ಭುಜ ಉಜ್ಜುತ್ತಾ ಆಳೆತ್ತರ ಮೇಲೆ ಹೋದೆ. ಮೇಲೆ ಅಕ್ಕನ ಸ್ವರ ಗುರುತು ಹತ್ತುವ ಹಾಗಿರಲಿಲ್ಲ. ಅವಳು ಎಷ್ಟು ಸಲ ಕರೆದಿದ್ದಳೋ ನನಗೆ ಗೊತ್ತಿಲ್ಲ. ನಾನು ಕೇಳಿಯೇ ಇರಲಿಲ್ಲ.

"ಓ," ಎಂದು ಕೂಗಿದೆ. "ಓ, ಅಕ್ಕ. ಇದ್ದೇನೆ."

ಹಗ್ಗ ನಿಂತಿತು. ನಾನು ಬಾವಿಯ ನಡುವೆ ನೇತಾಡುತ್ತಿದ್ದೆ. ಮೇಲೆ ದುಂಡಗಿನ ಬೆಳಕಿನಲ್ಲಿ ಮೂರು ತಲೆಗಳು ಕಾಣಿಸಿದವು. ಒಂದು ಮಾಷ್ಟ್ರದ್ದು. ಅವರೂ ಹಗ್ಗಕ್ಕೆ ಕೈ ಹಾಕಿದ್ದರು.

"ಬಾಯಿ ಇಲ್ಲವಾ ನಿನಗೆ?" ಎಂದಳು ಅಕ್ಕ. "ಎಂತ ಮಾಡ್ತಾ ಇದ್ದೆ?"

"ಒರತೆ ನೋಡ್ತಾ ಇದ್ದೆ."

ಅದು ಹೇಗೆ ನೋಡುವುದೆಂದು ಅವಳಿಗೆ ಗೊತ್ತಿತ್ತು. ಕಟ್ಟೆಯಿಂದ ಇನ್ನೂ ಬಗ್ಗಿ ಹೇಳಿದಳು, "ನೋಡು. ಆದ್ರೆ ಓ ಹೇಳಿಕೊಂಡೇ ನೋಡು."

ಮೇಲಿದ್ದವರು ಮಾತಾಡಬಾರದು ಎಂಬ ಭಾವನ ಕಟ್ಟಳೆ ಹೀಗೆ ಅಲ್ಲಿಗೆ ಮುಗಿಯಿತು. ಎರಡು ಗಂಟೆಗೆ ಕರೆಂಟು ಹೋಗುವಾಗ ನಾನು ಮೇಲೆ ಕುಳಿತು ಮಾಷ್ಟ್ರ ಮನೆಯ ಊಟ ಮಾಡುತ್ತಿದ್ದೆ.

ಆ ಬಾವಿಗೆ ನಾಲ್ಕು ದಿನ ಹಿಡಿಯಿತು. ಹೂಳು ಪೂರ್ತಿ ಹೋಯಿತು, ಎರಡು ಕಡೆ ಜರಿದಿದ್ದ ಕಲ್ಲು ಕಟ್ಟಿದೆವು. ನಾನು ಇಲ್ಲಿ ಎಂದುಕೊಂಡು ಎರಡು ಕಡೆ ಹಾರೆ ಹಾಕಿದೆ. ಎರಡೂ ಒಣ ಕಲ್ಲು. ಮೂರನೆಯ ಕಡೆ ನೂಲಿನಷ್ಟು ನೀರು ಬಂತು. ಮನೆಗೆ ಸಾಕಾಗುತ್ತದೆ ಎಂದರು ಮಾಷ್ಟ್ರು. ಒಳ್ಳೆಯ ಮಾತಿಗೆ ಹೇಳಿದ್ದು ಇರಬೇಕು.

ಬಾಕಿ ಮೂರರಲ್ಲಿ ಒಂದು ಮನೆಯವರು ಮುಚ್ಚಳದ ವಿಷಯಕ್ಕೆ ಒಪ್ಪದೆ ಬೇರೆಯವರನ್ನು ಕರೆದರು. ಕರೆಯಲಿ. ಬೇರೆ ಗುಂಪಿನವರು ನಮ್ಮನ್ನು ಫ್ಯಾನ್ ಪಾರ್ಟಿ ಎಂದು ಕರೆಯತೊಡಗಿದರು. ಆದರೆ ಮಳೆ ಶುರುವಾಗುವ ಮೊದಲೇ ಅವರಲ್ಲೊಬ್ಬರು ಬಂದು ಜಗಲಿಯಲ್ಲಿ ಕುಳಿತು, ಕೊಳವೆಯನ್ನು ಮುಟ್ಟಿ ಮುಟ್ಟಿ ನೋಡಿ, ಇಂಥದ್ದೊಂದು ಹೊಲಿದು ಕೊಡುತ್ತೀರಾ ಎಂದು ಅಕ್ಕನನ್ನು ಕೇಳಿದರು. ಜಡಿಮಳೆಯ ಆಟಿ ತಿಂಗಳಲ್ಲಿ ಹೊಸ ಕೆಲಸ ಹಿಡಿಯಬಾರದು ಎಂದು ನೆಂಟರು ಹೇಳಿ ಕಳಿಸಿದರು. ಅಕ್ಕ ಆಟಿಯಲ್ಲೇ ಎರಡು ಕೊಳವೆ ಹೊಲಿದಳು.

ಈಗ ನಮ್ಮ ಟೆಂಪೋದಲ್ಲಿ ಫ್ಯಾನು ಇದೆ. ರಿಮ್ಮು ಹಾಕಿದ ಕೊಳವೆ ಇದೆ, ಬೆಲ್ಟು ಇದೆ, ಎರಡು ಹಗ್ಗ ಇದೆ, ದೀಪ ಇದೆ. ಮೊದಲು ಗಾಳಿ ಇಳಿಯಲಿ ಎಂದು ಈಗ ಎಲ್ಲರಿಗಿಂತ ಮೊದಲು ಹೇಳುವವರು ಹಗ್ಗದಣ್ಣ, ಅದೂ ತಾನೇ ಕಂಡುಹಿಡಿದ ಹಾಗೆ. ವಿಷಗಾಳಿ ಅಳೆಯುವ ಮೀಟರು ಒಂದು ಬೇಕು, ದೀಪ ಎಲ್ಲವನ್ನೂ ಹೇಳುವುದಿಲ್ಲ. ಅದನ್ನು ತರಿಸಲು ಹೇಳಿಯಾಗಿದೆ, ಮುಂದಿನ ಸೀಸನ್ನಿಗೆ ಎಂದಲ್ಲ, ಈ ವಾರಕ್ಕೆ.

ಗೋಡೆಗೆ ಕೈ ಇಟ್ಟು, ಇಲ್ಲಿ, ಎಂದು ಹೇಳುವವರು ಇಲ್ಲ.